ಬೆಕ್ಕಸ ಬೆರಗಿನಲ್ಲಿ ಬೆಕ್ಕು ಎಲ್ಲಿದೆ?

ಕಳೆದ ವಾರ ಆಫೀಸಿನ ಕನ್ನಡ ಗ್ರೂಪಿಗೆ ಗೆಳೆಯನೊಬ್ಬ ಒಂದು ಸ್ಕ್ರೀನ್‌ಶಾಟ್ ಹಾಕಿದ. ಯಾರೋ ನಟಿ ಕೊಂಡ ಹೊಸ ಕಾರಿನ ಬೆಲೆ ಕೇಳಿ ನೆಟ್ಟಿಗರು ‘ಬೆಕ್ಕಸ ಬೆರಗಾಗಿದ್ದಾರೆ’ ಅಂತ ಅದರ ತಲೆಬರಹ. ಕೆಳಗೆ ಅವನ ಪ್ರಶ್ನೆ: ‘ಗುರೂ, ಬೆರಗು ಗೊತ್ತು. ಈ ಬೆಕ್ಕು ಎಲ್ಲಿಂದ ಬಂತು?’

ಹತ್ತು ನಿಮಿಷದಲ್ಲಿ ಗ್ರೂಪಿನ ತುಂಬಾ ಬೆಕ್ಕಿನ ಸ್ಟಿಕರ್‌ಗಳು. ಒಬ್ಬರು, ಕತ್ತಲಲ್ಲಿ ಬೆಕ್ಕಿನ ಕಣ್ಣು ಅಗಲವಾಗಿ ಹೊಳೆಯುತ್ತಲ್ಲ, ಬೆರಗಾದವರ ಕಣ್ಣೂ ಹಾಗೇ ಆಗತ್ತೆ, ಅದಕ್ಕೇ ಈ ಪದ ಅಂತ ಒಂದು ಸಿದ್ಧಾಂತವನ್ನೇ ಮಂಡಿಸಿದರು. ಎಂಟು ಜನ ಲೈಕ್ ಕೊಟ್ಟರು. ಹತ್ತನೇ ಕ್ಲಾಸಿನ ತನಕ ಅಂಕೋಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವನು ಅನ್ನೋ ಕಾರಣಕ್ಕೆ ಆ ಗ್ರೂಪಿನಲ್ಲಿ ನನಗೆ ‘ಪಂಡಿತ’ ಅಂತ ಹೆಸರು. ಪಂಡಿತನಿಗೆ ಉತ್ತರ ಗೊತ್ತಿರಲಿಲ್ಲ. ಆವತ್ತು ಸಂಜೆ ಮೆಟ್ರೋದಲ್ಲಿ ನಿಂತೇ ನಿಘಂಟು ತೆಗೆದೆ.

ಬೆಕ್ಕಿಗೂ ಇದಕ್ಕೂ ಯಾವ ಸಂಬಂಧವೂ ಇಲ್ಲ. ಬೆಕ್ಕಸ ಅನ್ನೋದು ಹಳೆಯ ಕಾವ್ಯಗಳಲ್ಲಿ ತನ್ನ ಪಾಡಿಗೆ ತಾನು ಓಡಾಡಿಕೊಂಡಿದ್ದ ಪದ. ಅದರ ಅರ್ಥವೇ ಆಶ್ಚರ್ಯ. ಬೆರಗು ಅಂದರೂ ಆಶ್ಚರ್ಯ. ಅಂದರೆ ಬೆಕ್ಕಸ ಬೆರಗು ಅಂದರೆ ‘ಆಶ್ಚರ್ಯ ಆಶ್ಚರ್ಯ’. ನಾವು ಗುಡ್ಡಬೆಟ್ಟ ಅಂತೀವಿ, ದುಡ್ಡುಕಾಸು ಅಂತೀವಿ, ಕೆಲಸಕಾರ್ಯ ಅಂತೀವಿ. ಒಂದೇ ಅರ್ಥದ ಎರಡು ಪದ ಜೋಡಿಸಿ ತೂಕ ಹೆಚ್ಚಿಸೋದು ಕನ್ನಡದ ಹಳೇ ಅಭ್ಯಾಸ. ಇಂಥ ಜೋಡಿಯಲ್ಲಿ ಒಂದು ಪದ ಎಷ್ಟೋ ಸಲ ಬಳಕೆಯಿಂದ ಬಿದ್ದುಹೋಗಿ ಇನ್ನೊಂದರ ಬೆನ್ನ ಮೇಲೆ ಬದುಕಿರತ್ತೆ. ಬೆಕ್ಕಸಕ್ಕೆ ಆಗಿದ್ದೂ ಅದೇ. ಇವತ್ತು ಯಾರೂ ‘ನನಗೆ ಬೆಕ್ಕಸವಾಯಿತು’ ಅನ್ನಲ್ಲ. ಬೆರಗು ಕೈ ಹಿಡಿದುಕೊಂಡಿದ್ದರಿಂದ ಬೆಕ್ಕಸ ಇನ್ನೂ ಪೇಪರಿನಲ್ಲಿ ಕಾಣಿಸತ್ತೆ.

ಬೆರಗಿನ ಕತೆ ಇನ್ನೂ ಸ್ವಾರಸ್ಯದ್ದು. ಹಳಗನ್ನಡದಲ್ಲಿ ಇದನ್ನ ಈಗ ಕಾಣದ ಆ ಗಡಸು ಱ ಹಾಕಿ ‘ಬೆಱಗು’ ಅಂತ ಬರೀತಿದ್ದರು. ತೆಲುಗಿನವರ ‘ವೆರಗು’ ಕೂಡ ಇದೇ ಅರ್ಥದ್ದು. ಅದೇ ತೆಲುಗಿನಲ್ಲಿ ‘ವೆರಪು’ ಅಂದರೆ ಹೆದರಿಕೆ. ಬೇರಿನ ತಕರಾರನ್ನ ನಿಘಂಟುಕಾರರಿಗೆ ಬಿಡೋಣ. ಆದರೆ ಅನುಭವದಲ್ಲಿ ಇವೆರಡೂ ಅಕ್ಕಪಕ್ಕದ ಮನೆಯವು. ಕನ್ನಡದಲ್ಲೇ ‘ಬೆಚ್ಚಿ ಬೆರಗಾದ’ ಅಂತೀವಲ್ಲ, ಅಲ್ಲಿ ಮೊದಲು ಬೆಚ್ಚೋದು, ಆಮೇಲೆ ಬೆರಗಾಗೋದು. ಮಗು ಮೊದಲ ಸಲ ಸಮುದ್ರ ನೋಡುವಾಗ ಗಮನಿಸಿ. ಅಪ್ಪನ ಕಾಲು ಗಟ್ಟಿಯಾಗಿ ಹಿಡಿದುಕೊಂಡಿರತ್ತೆ, ಕಣ್ಣು ಮಾತ್ರ ನೀರಿನ ಮೇಲಿಂದ ತೆಗೆಯಲ್ಲ. ಬೆರಗು ಅಂದರೆ ಅದು. ಓಡಿಹೋಗಬೇಕು ಅಂತಲೂ ಅನ್ನಿಸತ್ತೆ, ಅಲ್ಲೇ ನಿಂತು ನೋಡಬೇಕು ಅಂತಲೂ ಅನ್ನಿಸತ್ತೆ.

ವ್ಯಾಕರಣದಲ್ಲೂ ಒಂದು ಸೂಕ್ಷ್ಮ ಇದೆ. ಆಶ್ಚರ್ಯವನ್ನ ನಾವು ‘ಪಡ್ತೀವಿ’. ಕಷ್ಟಪಟ್ಟ ಹಾಗೆ, ಸಂತೋಷಪಟ್ಟ ಹಾಗೆ. ಬೆರಗನ್ನ ಪಡೋದಿಲ್ಲ, ಬೆರಗು ‘ಆಗ್ತೀವಿ’. ನೋಡಿದವನೇ ಬದಲಾಗಿಬಿಡೋ ಕ್ರಿಯೆ ಅದು. ವಚನಕಾರರು, ಅದರಲ್ಲೂ ಅಲ್ಲಮ, ಈ ಪದವನ್ನ ಮಾತು ನಿಂತುಹೋಗುವ ಜಾಗದಲ್ಲಿ ಇಟ್ಟಿದ್ದು ಸುಮ್ಮನೆ ಅಲ್ಲ.

ಇಷ್ಟು ಭಾರದ ಪದ ಈಗ ಎಲ್ಲಿಗೆ ಬಂದು ನಿಂತಿದೆ? ಕಾರಿನ ಬೆಲೆಗೆ.

ನನ್ನ ತಕರಾರು ಕಾರಿನ ಮೇಲಲ್ಲ. ಒಂದು ವಾರ ಫೋನಿನಲ್ಲಿ ಬಂದ ಕನ್ನಡ ತಲೆಬರಹಗಳನ್ನ ಕೂತು ನೋಡಿದೆ. ‘ಬೆಲೆ ಕೇಳಿದರೆ ಬೆಚ್ಚಿಬೀಳ್ತೀರಾ’, ‘ಇದನ್ನ ಓದಿದರೆ ದಂಗಾಗ್ತೀರಾ’, ‘ಹೌಹಾರಿದ ಅಭಿಮಾನಿಗಳು’, ‘ಕೇಳಿದರೆ ಶಾಕ್ ಆಗೋದು ಗ್ಯಾರಂಟಿ’. ದಂಗು, ಬೆಚ್ಚು, ಹೌಹಾರು, ತಬ್ಬಿಬ್ಬು, ದಿಗ್ಭ್ರಮೆ, ಬೆಕ್ಕಸ ಬೆರಗು... ಕನ್ನಡದಲ್ಲಿ ಆಶ್ಚರ್ಯಕ್ಕೆ ಇಷ್ಟೊಂದು ಮೆಟ್ಟಿಲುಗಳಿವೆ ಅನ್ನೋದು ನಿಜವಾಗ್ಲೂ ಖುಷಿ. ಬೇಜಾರಿನ ಸಂಗತಿ ಅಂದರೆ ಎಲ್ಲಾ ಮೆಟ್ಟಿಲೂ ಈಗ ಒಂದೇ ಎತ್ತರಕ್ಕೆ ಬಂದುಬಿಟ್ಟಿವೆ. ಹೌಹಾರೋದರಲ್ಲಿ ಗಾಬರಿ ಇದೆ, ತಬ್ಬಿಬ್ಬಾಗೋದರಲ್ಲಿ ಏನು ಮಾಡಬೇಕು ಅಂತ ತೋಚದ ಪೇಚಾಟ ಇದೆ, ದಂಗಾಗೋದರಲ್ಲಿ ಮರಗಟ್ಟಿದ ಹಾಗೆ ನಿಲ್ಲೋದಿದೆ. ತಲೆಬರಹದಲ್ಲಿ ಇವನ್ನೆಲ್ಲ ಒಂದರ ಜಾಗದಲ್ಲಿ ಇನ್ನೊಂದು ಇಟ್ಟರೂ ಏನೂ ವ್ಯತ್ಯಾಸ ಆಗಲ್ಲ. ಎಲ್ಲದರ ಅರ್ಥವೂ ಒಂದೇ: ಒತ್ತಿ.

ಇನ್ನೊಂದು ಗಮನಿಸಿ. ಬೆಕ್ಕಸ ಬೆರಗು ಅನ್ನೋದನ್ನ ಬೆರಗಾದವರು ಯಾರೂ ಬಾಯಲ್ಲಿ ಹೇಳಲ್ಲ. ಅದು ಪಕ್ಕದಲ್ಲಿ ನಿಂತವನು ಬರೆಯೋ ಪದ. ಬೆರಗಾದವರ ಬಾಯಲ್ಲಿ ಬರೋದು ‘ಅಬ್ಬಾ’, ‘ಅಯ್ಯೋ’, ‘ಅಯ್ಯಯ್ಯಪ್ಪಾ’, ‘ಅಮ್ಮಾ’, ‘ಓ ದೇವರೇ’. ನಮ್ಮ ಕಡೆ, ಕಾರವಾರ-ಅಂಕೋಲೆಯಲ್ಲಿ, ಅದು ಹೆಚ್ಚಾಗಿ ‘ಖರೇ?’ ಅಂತ ಒಂದೇ ಒಂದು ಪ್ರಶ್ನೆ. ಕೊಂಕಣಿ ಮಾತಾಡುವ ಮನೆಯಲ್ಲಾದರೆ ‘ಅರೇ ದೇವಾ’. ಆಶ್ಚರ್ಯಕ್ಕೆ ಅವರ ಪದ ‘ಅಜಾಪ’. ಈ ಉದ್ಗಾರಗಳಲ್ಲಿ ಯಾರ್ಯಾರು ಇದ್ದಾರೆ ನೋಡಿ. ಅಪ್ಪ ಇದ್ದಾನೆ, ಅಮ್ಮ ಇದ್ದಾಳೆ, ಅಯ್ಯ ಇದ್ದಾನೆ, ದೇವರಿದ್ದಾನೆ. ತನಗಿಂತ ದೊಡ್ಡದೊಂದು ಎದುರಾದಾಗ ಮನುಷ್ಯ ತನ್ನವರನ್ನ ಕೂಗ್ತಾನೆ. ‘ಖರೇ?’ ಅನ್ನೋನು ಎದುರಿಗಿರೋನನ್ನ ಕೇಳ್ತಿದ್ದಾನೆ, ಉತ್ತರಕ್ಕೆ ಕಾಯ್ತಿದ್ದಾನೆ. ನಾವು ಈಗ ಹಾಕುವ ‘ವಾವ್’ ಯಾರನ್ನೂ ಕೂಗಲ್ಲ, ಯಾರ ಉತ್ತರಕ್ಕೂ ಕಾಯಲ್ಲ.

ಕಾರವಾರದಿಂದ ಕದ್ರಾ ಕಡೆ ಹೋಗುವಾಗ ಕಾಳಿ ನದಿಯ ದಂಡೆಯಲ್ಲಿ ಕಿನ್ನರ ಅಂತ ಒಂದು ಊರು ಸಿಗತ್ತೆ. ನನ್ನ ಮಾವಶಿಯ ಮನೆ ಅಲ್ಲಿದೆ. ಬೆಂಗಳೂರಿನಲ್ಲಿ ಯಾರಿಗಾದರೂ ಈ ಹೆಸರು ಹೇಳಿದರೆ ‘ಹೌದಾ? ಅಂಥ ಹೆಸರಿನ ಊರಿದೆಯಾ? ಸೋ ಕ್ಯೂಟ್’ ಅಂತಾರೆ. ಊರಿನ ಹೆಸರಿಗೂ ಪುರಾಣಕ್ಕೂ ಗಂಟು ಹಾಕೋಕೆ ನಾನು ಹೋಗಲ್ಲ. ಆದರೆ ಪದಕ್ಕೆ ಒಂದು ಮಜಾ ಇದೆ. ಸಂಸ್ಕೃತದ ಪಂಡಿತರು ಕಿನ್ನರ ಪದವನ್ನ ‘ಕಿಂ’ ಮತ್ತು ‘ನರ’ ಅಂತ ಬಿಡಿಸ್ತಾರೆ. ಅಂದರೆ ‘ಇದೆಂಥ ನರ?’ ಕುದುರೆ ಮುಖ, ಮನುಷ್ಯನ ಮೈ, ಕುಬೇರನ ಆಸ್ಥಾನದ ಗಾಯಕ. ಅವನನ್ನ ಮೊದಲು ಕಂಡವನ ಬಾಯಿಂದ ಹೊರಟ ಉದ್ಗಾರವೇ ಅವನ ಹೆಸರಾಗಿಬಿಟ್ಟಿತು. ಆ ಕಿನ್ನರ ತನ್ನನ್ನ ತಾನು ಏನಂತ ಕರ್ಕೊಳ್ತಿದ್ದ? ಯಾರೂ ಕೇಳಲಿಲ್ಲ. ನಮ್ಮ ಆಶ್ಚರ್ಯ ಅವನ ಗುರುತಾಯಿತು.

ನನಗೆ ಈ ವ್ಯುತ್ಪತ್ತಿ ನೆನಪಾದಾಗಲೆಲ್ಲ ಅಂಕೋಲೆಯ ಇಬ್ಬರು ಹೆಂಗಸರು ನೆನಪಾಗ್ತಾರೆ. ಇಬ್ಬರೂ ಹಾಲಕ್ಕಿ ಒಕ್ಕಲಿಗರು. ಬಡಿಗೇರಿಯ ಸುಕ್ರಿ ಬೊಮ್ಮಗೌಡ, ಹೊನ್ನಳ್ಳಿಯ ತುಳಸಿ ಗೌಡ. ಸುಕ್ರಜ್ಜಿಗೆ 2017ರಲ್ಲಿ ಪದ್ಮಶ್ರೀ ಬಂತು. ತುಳಸಜ್ಜಿ 2021ರ ನವೆಂಬರ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಬರಿಗಾಲಲ್ಲಿ ನಡೆದುಹೋಗಿ ಪದ್ಮಶ್ರೀ ತಗೊಂಡಾಗ ಆ ಫೋಟೋ ದೇಶದ ತುಂಬಾ ಓಡಾಡಿತು. ನಮ್ಮ ಟೈಮ್‌ಲೈನ್‌ಗಳು ಬೆಕ್ಕಸ ಬೆರಗಾದವು. ಚಪ್ಪಲಿ ಇಲ್ಲ! ಶಾಲೆಗೆ ಹೋಗಿಲ್ಲ! ಆದರೂ ನೂರಾರು ಗಿಡಗಳ ಬಗ್ಗೆ ಗೊತ್ತು!

ಆ ‘ಆದರೂ’ ಎಲ್ಲಿಂದ ಬಂತು ಅನ್ನೋದೇ ನನ್ನ ಪ್ರಶ್ನೆ. ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಟ್ಟಲೆ ದಿನಗೂಲಿ ಮಾಡುತ್ತಾ ಬೀಜ ಆರಿಸಿ, ಸಸಿ ಎಬ್ಬಿಸಿದ ಹೆಂಗಸಿಗೆ ಗಿಡಗಳ ಬಗ್ಗೆ ಗೊತ್ತಿರೋದು ಆಶ್ಚರ್ಯವಾ? ಮೂವತ್ತು ವರ್ಷ ಕೋಡ್ ಬರೆದವನಿಗೆ ಕೋಡ್ ಗೊತ್ತಿದ್ದರೆ ಯಾರಾದರೂ ಬೆರಗಾಗ್ತಾರಾ? ಯಾವ ಮರದ ಬೀಜ ಯಾವಾಗ ಬಲಿಯತ್ತೆ, ಯಾವ ತಾಯಿಮರದಿಂದ ಆರಿಸಿದರೆ ಸಸಿ ಚೆನ್ನಾಗಿ ಬರತ್ತೆ ಅನ್ನೋದು ಅವರ ಕಸುಬಿನ ತಿಳಿವಳಿಕೆ. ಅದನ್ನ ‘ಅಚ್ಚರಿ’ ಅಂತ ಕರೆದ ಕೂಡಲೇ ನಾವು ಅದನ್ನ ಕಸುಬಿನ ಪಟ್ಟಿಯಿಂದ ತೆಗೆದು ಪವಾಡದ ಪಟ್ಟಿಗೆ ಹಾಕಿಬಿಟ್ಟೆವು. ಪವಾಡಕ್ಕೆ ಕೈ ಮುಗಿದರೆ ಸಾಕು, ಕಲಿಯಬೇಕಾಗಿಲ್ಲ. ಆ ಪವಾಡ ಮಾಡಿದವರ ದಿನಗೂಲಿ ಎಷ್ಟಿತ್ತು ಅಂತಲೂ ಕೇಳಬೇಕಾಗಿಲ್ಲ.

ಸುಕ್ರಜ್ಜಿಯ ವಿಷಯದಲ್ಲೂ ಹಾಗೇ. ಅಷ್ಟೊಂದು ಹಾಡು ಹೇಗೆ ನೆನಪಿಟ್ಟುಕೊಂಡರು ಅಂತ ಎಲ್ಲರಿಗೂ ಬೆರಗು. ಅದೇ ಸುಕ್ರಜ್ಜಿ ಊರಿನ ಹೆಂಗಸರನ್ನ ಕಟ್ಟಿಕೊಂಡು ಸಾರಾಯಿ ವಿರುದ್ಧ ಹೋರಾಡಿದರು. ಹೋರಾಟದಲ್ಲಿ ಬೆರಗಾಗೋಕೆ ಏನೂ ಸಿಗಲ್ಲ, ಅದಕ್ಕೆ ಅದು ಸುದ್ದಿಯ ಕೊನೆಯ ಸಾಲಿಗೆ ಹೋಗತ್ತೆ. ತುಳಸಜ್ಜಿ 2024ರ ಡಿಸೆಂಬರ್‌ನಲ್ಲಿ, ಸುಕ್ರಜ್ಜಿ 2025ರ ಫೆಬ್ರವರಿಯಲ್ಲಿ ತೀರಿಕೊಂಡರು. ಆಗಲೂ ಮತ್ತದೇ ಬರಿಗಾಲು, ಅದೇ ಮಣಿಸರ, ಅದೇ ‘ಆದರೂ’. ಇದೆಂಥ ನರ ಅಂತ ಒಂದು ಸಲ ಕೂಗಿ, ಆ ಕೂಗನ್ನೇ ಹೆಸರಾಗಿ ಅಂಟಿಸಿ ಮುಂದೆ ಹೋದ ಹಾಗೆ.

ನಮ್ಮ ಬೆರಗು ನೋಡಿದ ವಸ್ತುವಿನ ಬಗ್ಗೆ ಎಷ್ಟು ಹೇಳತ್ತೋ ನಮ್ಮ ಬಗ್ಗೆಯೂ ಅಷ್ಟೇ ಹೇಳತ್ತೆ. ನಾವು ಎಷ್ಟು ಕಡಿಮೆ ನಿರೀಕ್ಷೆ ಇಟ್ಟುಕೊಂಡಿದ್ದೆವು ಅನ್ನೋದರ ಅಳತೆ ಅದು. ಇದನ್ನ ನಾನು ಬೇರೆಯವರ ಮೇಲೆ ಬೊಟ್ಟು ಮಾಡಿ ಬರೀತಿಲ್ಲ. ನನ್ನ ಕತೆಯನ್ನೂ ಹೇಳ್ತೀನಿ.

2019ರ ಆಗಸ್ಟ್. ಘಟ್ಟದ ಮೇಲೆ ಬಿಡದೆ ಮಳೆ. ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರು, ಕಾಳಿ ದಂಡೆಯ ಊರುಗಳಿಗೆ ನೀರು ನುಗ್ಗಿತು. ನಾನು ಬೆಂಗಳೂರಿನಲ್ಲಿ ಆರನೇ ಮಹಡಿಯಲ್ಲಿ ಕೂತು ವಿಡಿಯೋ ನೋಡಿದೆ. ತೆಂಗಿನ ಮರಗಳ ಮಧ್ಯೆ ಕೆಂಪು ನೀರು, ಮನೆಗಳ ಕಿಟಕಿ ಮಟ್ಟಕ್ಕೆ. ಕೂಡಲೇ ಸ್ಟೇಟಸ್ ಹಾಕಿದೆ: ‘ನಂಬೋಕೇ ಆಗ್ತಿಲ್ಲ, ನನ್ನ ಮಾವಶಿಯ ಊರು!’ ಜತೆಗೆ ಆ ಬಾಯಿ ತೆರೆದ ಮುಖದ ಇಮೋಜಿ. ಎಷ್ಟೋ ಜನ ‘ಓಎಂಜಿ’ ಅಂದರು. ಆಮೇಲೆ, ಹೌದು ಆಮೇಲೆ, ಮಾವಶಿಗೆ ಫೋನ್ ಮಾಡಿದೆ. ಅವರು ಅಷ್ಟೊತ್ತಿಗೆ ಅಕ್ಕಿ, ಕಾಗದಪತ್ರ, ಹೊಲಿಗೆ ಮಶೀನು ಎಲ್ಲಾ ಎತ್ತರದ ಮನೆಯೊಂದಕ್ಕೆ ಸಾಗಿಸಿ ಕೂತಿದ್ದರು.

‘ಇಷ್ಟೊಂದು ನೀರು ಹೇಗೆ ಬಂತು ಮಾವಶಿ, ನಂಗಂತೂ ಶಾಕ್ ಆಯ್ತು’ ಅಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಳೆಯ ಸದ್ದು ಮಾತ್ರ. ಆಮೇಲೆ, ‘ನಿಂಗೆ ಆಶ್ಚರ್ಯ ಆಯ್ತು ಪುತಾ. ನಮಗೆ ಮೂರು ದಿನದಿಂದ ಹೆದರಿಕೆ ಆಗಿತ್ತು’ ಅಂದರು.

ಅವರು ಬೈಯಲಿಲ್ಲ. ಬೈದಿದ್ದರೆ ಮರೆತುಬಿಡ್ತಿದ್ದೆನೇನೋ. ನದಿಯ ನೀರು ಬಣ್ಣ ಬದಲಿಸಿದ್ದನ್ನ, ಇಳಿತದ ಹೊತ್ತಿನಲ್ಲೂ ಇಳಿಯದೆ ನಿಂತಿದ್ದನ್ನ ಅವರು ಮೂರು ದಿನದಿಂದ ನೋಡ್ತಿದ್ದರು. ನಾನು ಅವತ್ತು ಮೊದಲ ಸಲ ಆ ನದಿಯನ್ನ ನೋಡಿದೆ, ಅದೂ ವಿಡಿಯೋದಲ್ಲಿ. ಅಷ್ಟು ದೂರ ಇದ್ದವನಿಗೆ ಮಾತ್ರ ಅದು ‘ಶಾಕ್’.

ಐದು ವರ್ಷದ ನಂತರ, 2024ರ ಜುಲೈ 16ರಂದು ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ, ಗಂಗಾವಳಿ ನದಿಯೊಳಗೆ ಬಿತ್ತು. ಜನ ಮಣ್ಣಿನಡಿ ಹೋದರು, ಲಾರಿಗಳು ನದಿಗೆ ಹೋದವು. ಕೇರಳದ ಒಬ್ಬ ಚಾಲಕನ ಲಾರಿ ನದಿಯ ತಳದಿಂದ ಸಿಕ್ಕಿದ್ದು ಸೆಪ್ಟೆಂಬರ್ ಕೊನೆಗೆ. ಅದೇ ಆಗಸ್ಟ್ 7ರ ನಡುರಾತ್ರಿ ಕಾರವಾರದ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು. ಒಂದು ಲಾರಿ ನೀರಿಗೆ ಬಿತ್ತು, ಚಾಲಕನನ್ನ ಜೀವಂತ ಮೇಲೆತ್ತಿದರು. ಮೂರು ವಾರದ ಅಂತರದಲ್ಲಿ ಎರಡು ಘಟನೆ. ಎರಡಕ್ಕೂ ತಲೆಬರಹಗಳಲ್ಲಿ ಸಿಕ್ಕಿದ್ದು ಅದೇ ಪದಗಳು: ಬೆಚ್ಚಿಬೀಳಿಸುವ, ಶಾಕಿಂಗ್, ಎದೆ ಝಲ್ ಎನಿಸುವ. ನಟಿಯ ಕಾರಿಗೆ, ಚಿನ್ನದ ಬೆಲೆಗೆ, ಕ್ರಿಕೆಟಿಗನ ವಿಚ್ಛೇದನಕ್ಕೆ ಬಳಸಿದ ಪದಗಳೇ. ನಿಜವಾಗಿ ಬೆಚ್ಚಬೇಕಾದ ದಿನ ಬಂದಾಗ ನಮ್ಮ ಹತ್ತಿರ ಚಿಲ್ಲರೆಯೂ ಉಳಿದಿರಲಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಬೆಚ್ಚಿಬೀಳಿಸುವ ಅಂದಾಗ ಅದು ಯಾರೂ ಊಹಿಸದೆ ಇದ್ದದ್ದು ಅಂತಾಯಿತು. ಹೆದ್ದಾರಿಗಾಗಿ ಗುಡ್ಡದ ಬುಡ ನೆಟ್ಟಗೆ ಕಡಿದದ್ದನ್ನ ದಿನಾ ಬಸ್ಸಿನ ಕಿಟಕಿಯಿಂದ ನೋಡಿದವರಿಗೆ, ಪ್ರತಿ ಮಳೆಗಾಲ ಅದರ ಕೆಳಗೆ ಹಾದುಹೋಗುವಾಗ ಮೇಲೆ ನೋಡಿದವರಿಗೆ ಅದು ಊಹೆ ಮೀರಿದ್ದಲ್ಲ. 40 ವರ್ಷ ದಾಟಿದ ಸೇತುವೆಯ ಮೇಲೆ ಓಡಾಡಿದವರಿಗೂ ಅಲ್ಲ. ಆಶ್ಚರ್ಯದ ಪದ ಇಲ್ಲಿ ಹೊಣೆಯನ್ನ ತೊಳೆಯೋ ಕೆಲಸ ಮಾಡತ್ತೆ. ಎಲ್ಲರಿಗೂ ಆಶ್ಚರ್ಯ ಆಗಿದೆ ಅಂದಮೇಲೆ ಯಾರಿಗೆ ಗೊತ್ತಿರಬೇಕಿತ್ತು ಅಂತ ಕೇಳೋ ಹಾಗಿಲ್ಲ. ಒಂದು ಪದವನ್ನ ಎಲ್ಲಿ ಬಳಸ್ತೀವಿ ಅನ್ನೋದು ಬರೀ ಭಾಷೆಯ ಶುದ್ಧಿಯ ಪ್ರಶ್ನೆ ಅಂದುಕೊಂಡಿದ್ದರೆ, ಇಲ್ಲಿ ಅದು ಜೀವದ ಪ್ರಶ್ನೆ.

ಹಾಗಾದರೆ ಬೆರಗಾಗಲೇಬಾರದಾ? ಹಾಗಲ್ಲ. ಬೆರಗಿನ ಬಗ್ಗೆ ನನಗೆ ಗೊತ್ತಿರೋ ಒಳ್ಳೆಯ ಪಾಠವೂ ಅದೇ ಕಾಳಿ ನದಿಯದ್ದೇ. 1883ರಲ್ಲಿ 22 ವರ್ಷದ ರವೀಂದ್ರನಾಥ ಟಾಗೋರ್ ಕಾರವಾರಕ್ಕೆ ಬಂದಿದ್ದರು. ಅವರ ಅಣ್ಣ ಸತ್ಯೇಂದ್ರನಾಥ ಇಲ್ಲಿ ಜಿಲ್ಲಾ ನ್ಯಾಯಾಧೀಶ. ಒಂದು ಬೆಳದಿಂಗಳ ರಾತ್ರಿ ಎಲ್ಲರೂ ದೋಣಿಯಲ್ಲಿ ಕಾಳಿ ನದಿಯ ಮೇಲಕ್ಕೆ ಹೋದರು, ಹಿಂತಿರುಗಿ ಮರಳ ಮೇಲೆ ನಡೆದು ಮನೆ ಸೇರಿದರು. ಆ ರಾತ್ರಿಯೇ ಟಾಗೋರರು ಒಂದು ಕವಿತೆ ಬರೆದರು. ವರ್ಷಗಳ ನಂತರ ‘ಜೀವನಸ್ಮೃತಿ’ಯಲ್ಲಿ ಆ ರಾತ್ರಿಯನ್ನ ನೆನೆಯುವಾಗ ಅವರು ಒಂದು ಪ್ರಾಮಾಣಿಕ ಮಾತು ಸೇರಿಸ್ತಾರೆ: ಮನಸ್ಸು ಆಗತಾನೇ ಬಂದ ಭಾವದಿಂದ ಅಂಚಿನ ತನಕ ತುಂಬಿರುವಾಗ ಬರೆದದ್ದು ಒಳ್ಳೆಯ ಬರಹ ಆಗಬೇಕು ಅಂತೇನೂ ಇಲ್ಲ, ಅದು ಮಾತು ತೊದಲುವ ಹೊತ್ತು ಅನ್ನೋ ಅರ್ಥದ ಮಾತು. ಈಗ ಕಾರವಾರದ ಕಡಲತೀರಕ್ಕೆ ಅವರದ್ದೇ ಹೆಸರು. ಅಲ್ಲಿ ಸೂರ್ಯಾಸ್ತದ ಹೊತ್ತಿಗೆ ನಾವೆಲ್ಲ ಸೂರ್ಯನಿಗೆ ಬೆನ್ನು ಹಾಕಿ ನಿಂತು ಸೆಲ್ಫಿ ತೆಗೆದು, ಸೂರ್ಯ ಮುಳುಗುವ ಮೊದಲೇ ‘ಸ್ಪೀಚ್‌ಲೆಸ್’ ಅಂತ ಟೈಪ್ ಮಾಡ್ತೀವಿ.

ತೊದಲೋದಕ್ಕೆ ಸ್ವಲ್ಪ ಸಮಯ ಕೊಡಬೇಕು. ಬೆರಗು ಆ ಸಮಯದಲ್ಲೇ ಪ್ರಶ್ನೆ ಆಗತ್ತೆ. ಪ್ರಶ್ನೆ ಆದರೆ ಮಾತ್ರ ಅದಕ್ಕೆ ಬೆಲೆ. ತುಳಸಜ್ಜಿಯನ್ನ ನೋಡಿ ‘ಅಬ್ಬಾ’ ಅಂದವರು ಮರುದಿನ ‘ಖರೇ? ಅವರು ಬೀಜ ಆರಿಸ್ತಿದ್ದದ್ದು ಹೇಗೆ?’ ಅಂತ ಕೇಳಿದ್ದರೆ ಆ ಅಬ್ಬಾ ಸಾರ್ಥಕ. ನೀರಿನ ವಿಡಿಯೋ ನೋಡಿದ ನಾನು ಸ್ಟೇಟಸ್‌ಗಿಂತ ಮೊದಲು ಫೋನ್ ಮಾಡಿದ್ದರೆ ನನ್ನದೂ ಬೆರಗು ಅನ್ನಿಸಿಕೊಳ್ತಿತ್ತು.

ಕಳೆದ ದೀಪಾವಳಿಗೆ ಕಿನ್ನರಕ್ಕೆ ಹೋಗಿದ್ದೆ. ಮಾವಶಿಗೆ ಈ ಬೆಕ್ಕಿನ ಕತೆ ಹೇಳಿದೆ, ನಕ್ಕರು. ಗೋಡೆಯ ಮೇಲೆ ಆ ವರ್ಷದ ನೀರಿನ ಗೆರೆ ಇನ್ನೂ ತೆಳ್ಳಗೆ ಕಾಣತ್ತೆ. ಎರಡು ಸಲ ಸುಣ್ಣ ಹೊಡೆದರೂ ಹೋಗಿಲ್ಲ. ಗೆರೆ ನನ್ನ ಎದೆಯ ಮಟ್ಟಕ್ಕಿತ್ತು. ನಾನು ಅದರ ಪಕ್ಕ ನಿಂತುಕೊಂಡೆ. ಜೇಬಿನಲ್ಲಿ ಫೋನ್ ಇತ್ತು, ತೆಗೆಯಲಿಲ್ಲ.

‘ಮಾವಶಿ, ಆವತ್ತು ಮೊದಲು ಏನನ್ನ ಎತ್ತಿಟ್ಟಿರಿ?’ ಅಂತ ಕೇಳಿದೆ.

ಅವರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಕೂತರು. ಹೇಳೋಕೆ ಶುರು ಮಾಡಿದರು. ಮುಗಿಯುವಷ್ಟರಲ್ಲಿ ಕತ್ತಲಾಗಿತ್ತು.